ಮಂಜೀರಾ-ಕಾಗಿಣಾ ಸೀಮೆಯ ಕಾಲುದಾರಿಗಳು

೧. ದಾರಿಯೂ ಒಂದು ದಾಖಲೆ

ಶಿಲಾಶಾಸನಗಳೂ ತಾಮ್ರಪಟಗಳೂ ಅರಸರ ಇತಿಹಾಸವನ್ನು ಹೇಳುತ್ತವೆ. ಜನಸಾಮಾನ್ಯರ ಇತಿಹಾಸವನ್ನು ಹೇಳುವುದು ಅವರು ನಡೆದ ದಾರಿ. ಸಂತೆಗೆ, ಜಾತ್ರೆಗೆ, ಬೀಗರ ಊರಿಗೆ, ದನ ಮೇಯಿಸುವ ಕಾವಲಿಗೆ ಹೋಗಿ ಬರುವ ಕಾಲುಗಳೇ ಬರೆದಿಟ್ಟ ಈ ದಾಖಲೆಯನ್ನು ಓದುವ ಕೆಲಸ ನಮ್ಮಲ್ಲಿ ಇನ್ನೂ ಸಾಕಷ್ಟು ನಡೆದಿಲ್ಲ. ಕಲ್ಲು ಒಡೆದರೂ ಅದರ ಪಡಿಯಚ್ಚು ಉಳಿದೀತು. ದಾರಿಯನ್ನು ಒಮ್ಮೆ ಉತ್ತುಬಿಟ್ಟರೆ ಅದರ ಗುರುತೇ ಉಳಿಯದು.

ಇಂದು ಅನೇಕ ದೇಶಗಳಲ್ಲಿ ಜನರು ಆರೋಗ್ಯಕ್ಕಾಗಿ, ವಿನೋದಕ್ಕಾಗಿ, ನಾಡನ್ನು ಕಣ್ಣಾರೆ ಕಾಣುವುದಕ್ಕಾಗಿ ನಡೆದಾಡಲೆಂದು ಸರಕಾರಗಳು ದಾರಿಗಳನ್ನು ಗುರುತಿಸಿ, ಒಂದಕ್ಕೊಂದು ಜೋಡಿಸಿ, ಕಾಯ್ದುಕೊಂಡು ಬರುತ್ತಿವೆ. ನಮ್ಮ ಜಹೀರಾಬಾದ, ನಾರಾಯಣಖೇಡ ಮತ್ತು ತಾಂಡೂರು ಸೀಮೆಗಳಲ್ಲಿ ಇಂಥ ದಾರಿಗಳನ್ನು ಹೊಸದಾಗಿ ಕಡಿಯಬೇಕಾಗಿಲ್ಲ. ಅವು ಹಿಂದಿನಿಂದ ಇದ್ದವು, ಅಲ್ಲಲ್ಲಿ ಇಂದಿಗೂ ಇವೆ. ಅವು ಹೇಗೆ ಬೆಳೆದವು, ಹೇಗೆ ಕಡಿದುಹೋದವು, ಉಳಿದುದನ್ನು ಕಾಪಾಡಲು ನಾವೇನು ಮಾಡಬಹುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

೨. ಎರಡು ನದಿಗಳ ನಡುವೆ

ಈ ಸೀಮೆಯ ದಾರಿಗಳಿಗೆ ಎರಡು ನದಿಗಳೇ ಆಧಾರ. ಬಾಲಾಘಾಟದ ಗುಡ್ಡಗಳಲ್ಲಿ ಹುಟ್ಟಿದ ಮಂಜೀರೆ ಬೀದರ ಜಿಲ್ಲೆಯನ್ನು ಹಾಯ್ದು ಬಂದು, ಸಂಗಾರೆಡ್ಡಿಯ ಸೀಮೆಯಲ್ಲಿ ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುತ್ತದೆ. ಜಹೀರಾಬಾದವು ಇದರ ದಕ್ಷಿಣಕ್ಕಿದ್ದರೆ ನಾರಾಯಣಖೇಡವು ಆಚೆಯ ದಂಡೆಯ ಕಡೆಗಿದೆ. ಆದಕಾರಣ ಹಳೆಯ ದಾರಿಗಳೆಲ್ಲ ಹೊಳೆ ದಾಟಲು ಅನುಕೂಲವಾದ ಹಾಯ್ಗಡಗಳನ್ನು ಹುಡುಕಿಕೊಂಡು ಹೋದವು. ಬೇಸಗೆಯ ದಾರಿ ಬೇರೆ, ಮಳೆಗಾಲದ ದಾರಿ ಬೇರೆ ಎಂಬುದು ಕಪ್ಪು ನೆಲದ ರೈತನಿಗೆ ಹೇಳಿಕೊಡಬೇಕಾದ ಮಾತಲ್ಲ.

ಎರಡನೆಯದು ಕಾಗಿಣಾ. ವಿಕಾರಾಬಾದದ ಅನಂತಗಿರಿ ಗುಡ್ಡಗಳು ಒಂದು ಜಲವಿಭಾಜಕ. ಅಲ್ಲಿಂದ ಮೂಸಿಯು ಮೂಡಣಕ್ಕೆ ಹರಿದು ಹೈದರಾಬಾದ ನಗರವನ್ನು ಹಾಯ್ದುಹೋಗುತ್ತದೆ; ಕಾಗಿಣೆಯು ಪಡುವಣಕ್ಕೆ ಹರಿದು ತಾಂಡೂರನ್ನು ಹಾಯ್ದು ಸೇಡಂ ಸೀಮೆಗಿಳಿದು, ಕೊನೆಗೆ ಭೀಮೆಯನ್ನು ಕೂಡಿಕೊಳ್ಳುತ್ತದೆ. ಈ ಹೊಳೆಯ ದಂಡೆಯ ಮೇಲೆಯೇ ಮಳಖೇಡವಿದೆ. ರಾಷ್ಟ್ರಕೂಟರ ಮಾನ್ಯಖೇಟವೆಂದರೆ ಇದೇ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ, ಕನ್ನಡದಲ್ಲಿ ನಮಗೆ ದೊರೆತ ಮೊದಲ ಗ್ರಂಥದ ಹೆಸರಿನಲ್ಲಿಯೇ ‘ಮಾರ್ಗ’ ಎಂಬ ಶಬ್ದವಿರುವುದನ್ನು ವಾಚಕರು ಗಮನಿಸಬೇಕು. ಅಲ್ಲಿಯದು ಕಾವ್ಯಮಾರ್ಗವೆಂಬುದು ನಿಜ. ಆದರೂ ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಒಂದೇ ನಾಡೆಂದು ಆ ಗ್ರಂಥವು ಎಣಿಸಿದಾಗ, ಜನರೂ ಕವಿಗಳೂ ವರ್ತಕರೂ ಆ ಉದ್ದಗಲವನ್ನು ನಡೆದು ಬಲ್ಲವರಾಗಿದ್ದರೆಂದು ಊಹಿಸುವುದು ತಪ್ಪಾಗಲಾರದು. ತಾಂಡೂರಿನವನು ಕಾಗಿಣೆಯ ದಂಡೆ ಹಿಡಿದು ಪಡುವಣಕ್ಕೆ ನಡೆದರೆ ಮಾನ್ಯಖೇಟವನ್ನು ಮುಟ್ಟುತ್ತಾನೆ. ಇದಕ್ಕೆ ನಕಾಶೆಯೂ ಬೇಡ, ಹೊಳೆಯೇ ದಾರಿ ತೋರಿಸುತ್ತದೆ.

೩. ಜಾತ್ರೆ, ಯಾತ್ರೆ, ಹೇರು

ಈ ದಾರಿಗಳನ್ನು ಸವೆಸಿದವರು ಮುಖ್ಯವಾಗಿ ಮೂರು ಬಗೆಯ ಜನ: ಭಕ್ತರು, ವರ್ತಕರು, ದನಗಾಹಿಗಳು.

ಜಹೀರಾಬಾದದ ಹತ್ತಿರದ ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ ಶಿವರಾತ್ರಿಯ ಕಾಲಕ್ಕೆ ತೆಲಂಗಾಣದವರಲ್ಲದೆ ಕರ್ನಾಟಕ, ಮಹಾರಾಷ್ಟ್ರಗಳ ಭಕ್ತರೂ ಬರುತ್ತಾರೆ. ಶಿವಪೂಜೆಗೆ ನಿಷಿದ್ಧವೆಂದು ಪುರಾಣಗಳು ಹೇಳುವ ಕೇದಗೆ ಹೂವು ಇಲ್ಲಿ ಸ್ವಾಮಿಗೆ ಏರುತ್ತದೆಂಬುದು ಈ ಕ್ಷೇತ್ರದ ವಿಶೇಷ. ಸುತ್ತಣ ಹಳ್ಳಿಗಳಿಂದ ಈ ಗುಡಿಗೆ ಬರುವ ಬಂಡಿದಾರಿಗಳನ್ನು ಒಂದು ಹಾಳೆಯ ಮೇಲೆ ಬರೆದರೆ ಚಕ್ರದ ಅರೆಕಾಲುಗಳಂತೆ ಕಾಣಿಸುವುದು ಸಹಜ. ಏಕೆಂದರೆ ಮೂರು ಭಾಷೆಗಳವರಿಗೂ ಸೇರಿದ ಗುಂಬ ಅದೊಂದೇ.

ತಾಂಡೂರಿನ ಭಾವಿಗಿ ಭದ್ರೇಶ್ವರನ ಹೆಸರಂತೂ ದಾರಿಯ ಇತಿಹಾಸವನ್ನೇ ಹೇಳುತ್ತದೆ. ಭಾವಿಗಿ ಎಂಬ ಊರು ಇರುವುದು ಬೀದರ ಜಿಲ್ಲೆಯಲ್ಲಿ. ದೇವರು ಪೂಜೆಗೊಳ್ಳುವುದು ತಾಂಡೂರಿನಲ್ಲಿ. ಊರ ಹೆಸರು ದೇವರ ಹೆಸರಾಗಿ ಇಷ್ಟು ದೂರ ನಡೆದುಬರಬೇಕಾದರೆ ಆ ಎರಡು ಊರುಗಳ ನಡುವೆ ಜನ ಹೋಗಿ ಬಂದು ಮಾಡಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಸ್ಥಳನಾಮಗಳನ್ನೂ ದೈವನಾಮಗಳನ್ನೂ ಸಂಶೋಧಿಸುವ ನಮ್ಮ ಬಂಧುಗಳು ಇಂಥ ಹೆಸರುಗಳನ್ನು ಕೂಡಿಹಾಕಿದರೆ ಮರೆತುಹೋದ ಎಷ್ಟೋ ದಾರಿಗಳು ಬೆಳಕಿಗೆ ಬಂದಾವು.

ಇವೆಲ್ಲಕ್ಕಿಂತ ದೊಡ್ಡದು ಶ್ರೀಶೈಲದ ದಾರಿ. ಹನ್ನೆರಡನೆಯ ಶತಮಾನದ ಕಲ್ಯಾಣದಿಂದ ಅಕ್ಕಮಹಾದೇವಿಯೂ ಅಲ್ಲಮಪ್ರಭುವೂ ಶ್ರೀಶೈಲದತ್ತ ನಡೆದರೆಂಬುದು ಶರಣ ಪರಂಪರೆಯ ನಂಬಿಕೆ. ಇಂದಿಗೂ ಯುಗಾದಿಯ ಮುಂಚೆ ಉತ್ತರ ಕರ್ನಾಟಕದ ಭಕ್ತರು ಕಂಬಿ ಹೊತ್ತು ಮಲ್ಲಯ್ಯನಿಗೆ ನಡೆದು ಹೋಗುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ಅರವಟ್ಟಿಗೆ ಇಡುತ್ತಾರೆ, ದಾಸೋಹ ನಡೆಸುತ್ತಾರೆ. ಕೊನೆಯ ಘಟ್ಟದಲ್ಲಿ ನಲ್ಲಮಲದ ಅಡವಿಯೊಳಗೆ ವೆಂಕಟಾಪುರ, ನಾಗಲೂಟಿ, ಭೀಮನ ಕೊಳ, ಕೈಲಾಸದ್ವಾರಗಳ ಮೇಲೆ ಹಾಯುವ ಕಾಲುದಾರಿಯಿದೆ. ಹದಿನಾಲ್ಕನೆಯ ಶತಮಾನದಲ್ಲಿ ರೆಡ್ಡಿ ಅರಸು ಪ್ರೋಲಯ ವೇಮನು ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನು. ಈಗ ಅದೇ ಅಡವಿಯು ಹುಲಿ ರಕ್ಷಿತಾರಣ್ಯವಾಗಿದ್ದರೂ ಶಿವರಾತ್ರಿ ಮತ್ತು ಯುಗಾದಿಯ ಕಾಲಕ್ಕೆ ಭಕ್ತರಿಗೆ ದಾರಿ ಬಿಡುತ್ತಾರೆ. ಅರಸನು ಮೆಟ್ಟಿಲು ಕೊಟ್ಟ, ಹಳ್ಳಿಯು ನೀರು ಕೊಟ್ಟಿತು, ಅಡವಿಯ ಇಲಾಖೆ ಅಪ್ಪಣೆ ಕೊಟ್ಟಿತು. ರಾಜ್ಯಗಳ ಗಡಿ ದಾಟುವ ಒಂದು ಕಾಲುದಾರಿಯನ್ನು ಹಲವರು ಕೂಡಿ ಹೇಗೆ ನಡೆಸಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಕಣ್ಣಮುಂದೆ ಇಲ್ಲ.

ಹೇರಿನ ದಾರಿಗಳ ಮಾತು ಬಂದಾಗ ಲಂಬಾಣಿಗರನ್ನು ನೆನೆಯದಿರಲಾಗದು. ಸಾವಿರಾರು ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖಣವನ್ನೆಲ್ಲ ಸುತ್ತಿದ ಈ ಜನರ ತಾಂಡೆಗಳು ಜಹೀರಾಬಾದ, ನಾರಾಯಣಖೇಡ ಸೀಮೆಗಳಲ್ಲಿ ಹೇರಳವಾಗಿವೆ.

೪. ರೈಲು, ಮೋಟಾರು, ಗಡಿಗೆರೆ

ಈ ಹೆಣಿಗೆಯು ಮೂರು ಹಂತಗಳಲ್ಲಿ ಸಡಿಲಾಯಿತು. ೧೮೭೪ರಲ್ಲಿ ವಾಡಿ-ಸಿಕಂದರಾಬಾದ ರೈಲುಮಾರ್ಗ ತೆರೆಯಿತು. ತಾಂಡೂರು, ಸೇಡಂ, ಮಳಖೇಡ ರೋಡ್, ಚಿತ್ತಾಪುರಗಳು ಈ ಮಾರ್ಗದ ನಿಲ್ದಾಣಗಳಾದುವು. ತಾಂಡೂರಿನ ಹಾಸುಗಲ್ಲೂ ತೊಗರಿಯೂ ದೂರದ ಪೇಟೆಗಳಿಗೆ ಹೋದುವು. ೨೦೨೨ರಲ್ಲಿ ತಾಂಡೂರಿನ ತೊಗರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಹೊಳೆಯ ದಂಡೆಯ ಬಂಡಿದಾರಿಯಲ್ಲಿ ಹೇರು ಕಡಿಮೆಯಾಯಿತು. ೧೯೩೨ರಲ್ಲಿ ನಿಜಾಮ ಸಂಸ್ಥಾನದ ರೈಲು ಇಲಾಖೆಯೇ ೨೭ ಬಸ್ಸುಗಳಿಂದ ಮೋಟಾರು ಸಾರಿಗೆಯನ್ನು ಆರಂಭಿಸಿತು. ಬಸ್ಸು ನಿಲ್ಲುವ ಊರು ಬೆಳೆಯಿತು, ನಿಲ್ಲದ ಊರು ಹಿಂದಾಯಿತು.

ಮೂರನೆಯದು ೧೯೫೬ರ ನವೆಂಬರ ೧. ರಾಜ್ಯ ಪುನರ್ವಿಂಗಡಣೆಯ ಶಾಸನದಂತೆ ಬೀದರ ಜಿಲ್ಲೆಯ ಜಹೀರಾಬಾದ ತಾಲೂಕು, ಅದರ ನಿರ್ಣಾ ವಲಯವನ್ನು ಬಿಟ್ಟು, ಬೀದರ ತಾಲೂಕಿನ ನ್ಯಾಲಕಲ್ ವಲಯ, ನಾರಾಯಣಖೇಡ ತಾಲೂಕು, ಹಾಗೂ ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಬೀದರದ ಉಳಿದ ಕನ್ನಡ ಭಾಗ ಮೈಸೂರಿಗೂ, ಅಹಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೂ ಹೋದವು. ಒಂದು ತಾಲೂಕಿನಿಂದ ಒಂದು ವಲಯವನ್ನು ಬಿಡಿಸಿ ಗೆರೆ ಎಳೆದ ಈ ಸೂಕ್ಷ್ಮತೆ ಭಾಷೆಯ ದೃಷ್ಟಿಯಿಂದ ಬಂದುದು. ದಾರಿಗಳ ದೃಷ್ಟಿಯಿಂದ ಆ ಗೆರೆಯನ್ನು ಯಾರೂ ನೋಡಲಿಲ್ಲ. ೨೦೧೪ರ ಜೂನ್ ೨ರಂದು ತೆಲಂಗಾಣ ರಾಜ್ಯ ಹುಟ್ಟಿತು. ೨೦೧೬ರಲ್ಲಿ ಜಹೀರಾಬಾದ, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ, ತಾಂಡೂರು ವಿಕಾರಾಬಾದ ಜಿಲ್ಲೆಗೂ ಸೇರಿದವು. ಹೀಗೆ ಒಂದೇ ದಾರಿಯ ಎರಡು ತುದಿಗಳು ಎರಡು ರಾಜ್ಯಗಳಲ್ಲಿ, ಎರಡು ಭಾಷೆಗಳ ಕಡತಗಳಲ್ಲಿ ಹಂಚಿಹೋದವು. ಅರ್ಧ ದಾರಿಯನ್ನು ಕಾಯುವ ಇಲಾಖೆ ಇರಬಹುದು. ಇಡೀ ದಾರಿಯನ್ನು ಕಾಯುವವರು ಯಾರೂ ಇಲ್ಲ.

೫. ನಕಾಶೆಯ ಚುಕ್ಕೆಗೆರೆ

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಸಾಲಾರ್ ಜಂಗರ ಸುಧಾರಣೆಗಳ ಕಾಲದಿಂದ, ಹೈದರಾಬಾದ ಸಂಸ್ಥಾನದಲ್ಲಿ ಮುಂಬಯಿ ಪದ್ಧತಿಯ ಮೋಜಣಿ ನಡೆಯಿತು. ಆ ಪದ್ಧತಿಯ ಗ್ರಾಮನಕಾಶೆಗಳಲ್ಲಿ ಬಂಡಿದಾರಿಯನ್ನು ಜೋಡು ಚುಕ್ಕೆಗೆರೆಯಿಂದ, ಕಾಲುದಾರಿಯನ್ನು ಒಂಟಿ ಚುಕ್ಕೆಗೆರೆಯಿಂದ ತೋರಿಸುವ ರೂಢಿ ಇದೆ. ನಮ್ಮ ಹಳೆಯ ದಾರಿಗಳಿಗೆ ಇರುವ ಲಿಖಿತ ಆಧಾರ ಬಹುಮಟ್ಟಿಗೆ ಈ ಚುಕ್ಕೆಗೆರೆಯೊಂದೇ. ಉಳಿದುದು ಊರವರ ನೆನಪು.

ಆ ನೆನಪನ್ನು ಹೊತ್ತವರು ಪಟೇಲರು, ಪಟವಾರಿಗಳು. ಅವರ ವಂಶಪಾರಂಪರ್ಯದ ಅಧಿಕಾರ ೧೯೮೦ರ ದಶಕದಲ್ಲಿ ಹೋಯಿತು. ಅದು ಹೋಗತಕ್ಕದ್ದೇ ಆಗಿತ್ತು. ತರುವಾಯ ಬಂದ ಗ್ರಾಮ ಕಂದಾಯ ಅಧಿಕಾರಿಗಳ ಹುದ್ದೆಯೂ ತೆಲಂಗಾಣದಲ್ಲಿ ೨೦೨೦ರಲ್ಲಿ ರದ್ದಾಗಿ, ೨೦೨೫ರಲ್ಲಿ ಗ್ರಾಮ ಪಾಲನಾಧಿಕಾರಿಗಳು ನೇಮಕಗೊಂಡರು. ಹುದ್ದೆ ಬದಲಾದಾಗಲೆಲ್ಲ ಕಾಗದದಲ್ಲಿ ಬರೆಯದ ತಿಳಿವಳಿಕೆ ಒಂದಿಷ್ಟು ಸೋರಿಹೋಗುತ್ತದೆ. ಹೊಲದ ಒಡೆತನ ಗಣಕಯಂತ್ರಕ್ಕೆ ಏರಿದೆ. ಹೊಲದ ನಡುವಿನ ದಾರಿ ಮಾತ್ರ ಯಾರ ಹೆಸರಿನಲ್ಲಿಯೂ ಇಲ್ಲ. ಯಾರದೂ ಅಲ್ಲದ ದಾರಿ ಎಲ್ಲರದೂ ಎಂದು ಹಿಂದಿನವರು ತಿಳಿದಿದ್ದರು. ಯಾರದೂ ಅಲ್ಲದ್ದು ಪಕ್ಕದ ಹೊಲದವನದು ಎಂದು ಈಗಿನ ಲೆಕ್ಕ. ವರುಷಕ್ಕೆ ಒಂದು ಸಾಲು ನೇಗಿಲು ಒಳಕ್ಕೆ ಸರಿದರೆ ಇಪ್ಪತ್ತು ವರುಷಕ್ಕೆ ಬಂಡಿದಾರಿ ಕಾಲುದಾರಿಯಾಗುತ್ತದೆ. ಆಮೇಲೆ ಒಂದು ತಂತಿಬೇಲಿ ಸಾಕು.

ದೊಡ್ಡ ಯೋಜನೆಗಳೂ ಇವೆ. ಜಹೀರಾಬಾದದ ಕೈಗಾರಿಕಾ ವಲಯಕ್ಕೆಂದು ನ್ಯಾಲಕಲ್ ಮತ್ತು ಝರಾಸಂಗಮ ಮಂಡಲಗಳ ೧೭ ಹಳ್ಳಿಗಳಲ್ಲಿ ೧೨,೬೩೫ ಎಕರೆ ನೆಲವನ್ನು ಗೊತ್ತುಮಾಡಲಾಗಿದೆ. ಕಾರಖಾನೆ ಬೇಕೋ ಬೇಡವೋ ಎಂಬುದು ಇಲ್ಲಿಯ ವಿಷಯವಲ್ಲ. ಹೊಲಕ್ಕೆ ಬೆಲೆ ಕಟ್ಟುವಾಗ ದಾರಿಗೆ ಬೆಲೆ ಕಟ್ಟುವವರಿಲ್ಲ. ಝರಾಸಂಗಮದ ಜಾತ್ರೆಗೆ ನಡೆದುಬರುವ ದಾರಿಗಳು ಯಾವುವೆಂದು ಮೊದಲೇ ಬರೆದಿಟ್ಟರೆ ಅವನ್ನು ಬಿಟ್ಟು ಯೋಜನೆ ಹಾಕುವುದು ಸಾಧ್ಯ. ಆಮೇಲೆ ಹುಡುಕಿದರೆ ಬೇಲಿಯೇ ಕಂಡೀತು.

೬. ಅನ್ಯರ ಅನುಭವ

ಇಂಗ್ಲೆಂಡಿನಲ್ಲಿ ೧೯೩೨ರಲ್ಲಿ ಕಿಂಡರ್ ಸ್ಕೌಟ್ ಎಂಬ ಬೆಟ್ಟದ ಮೇಲೆ ನಡೆಯುವ ಹಕ್ಕಿಗಾಗಿ ಕಾರ್ಮಿಕ ತರುಣರು ನಿಷೇಧ ಮೀರಿ ಏರಿ ಸೆರೆಮನೆಗೆ ಹೋದರು. ೧೯೪೯ರ ಶಾಸನವು ಪ್ರತಿಯೊಂದು ಜಿಲ್ಲೆಯೂ ತನ್ನ ಕಾಲುದಾರಿಗಳನ್ನು ಮೋಜಣಿ ಮಾಡಿ ನಕಾಶೆಯಲ್ಲಿ ನಿಶ್ಚಯಿಸಬೇಕೆಂದು ವಿಧಿಸಿತು. ಆ ನಕಾಶೆಯಲ್ಲಿ ಬರೆದುದು ಹಕ್ಕಿಗೆ ಪ್ರಮಾಣ. ೨೦೦೦ರ ಇನ್ನೊಂದು ಶಾಸನವು, ಗೊತ್ತಾದ ಗಡುವಿನೊಳಗೆ ದಾಖಲಾಗದ ಹಳೆಯ ದಾರಿಗಳ ಹಕ್ಕು ಅಳಿಯುವುದೆಂದು ಹೇಳಿತು. ಆಗ ನಡೆಯುವವರ ಸಂಘದವರು ಹಳೆಯ ನಕಾಶೆಗಳನ್ನು ಹೊಸವುಗಳೊಡನೆ ಹೋಲಿಸಿ, ೨೦೨೦ರ ಹೊತ್ತಿಗೆ ಸುಮಾರು ೪೯,೦೦೦ ಮೈಲಿ ಕಳೆದುಹೋದ ದಾರಿಯನ್ನು ಪತ್ತೆಹಚ್ಚಿದರು. ೨೦೨೪ರ ಕೊನೆಗೆ ಅಲ್ಲಿಯ ಸರಕಾರ ಗಡುವನ್ನೇ ತೆಗೆದುಹಾಕುವುದಾಗಿ ಸಾರಿತು. ಅಮೆರಿಕೆಯ ಅಪಲಾಚಿಯನ್ ದಾರಿಯು ೧೯೨೧ರಲ್ಲಿ ಬೆಂಟನ್ ಮೆಕಾಯ್ ಎಂಬವರ ಒಂದು ಲೇಖನದಿಂದ ಹುಟ್ಟಿ, ೧೯೩೭ರಲ್ಲಿ ಪೂರ್ತಿಯಾಗಿ, ೧೪ ರಾಜ್ಯಗಳನ್ನು ಹಾಯುತ್ತದೆ. ಅದನ್ನು ಕಟ್ಟಿ ಕಾಯ್ದವರಲ್ಲಿ ಸ್ಥಳೀಯ ಸಂಘಗಳೇ ಹೆಚ್ಚು; ರಾಷ್ಟ್ರೀಯ ಶಾಸನದ ರಕ್ಷಣೆ ಬಂದುದು ೧೯೬೮ರಲ್ಲಿ. ಮೊದಲು ಜನ, ಆಮೇಲೆ ಸರಕಾರ ಎಂಬ ಕ್ರಮವು ಇಲ್ಲಿ ಸ್ಪಷ್ಟವಾಗಿದೆ.

ನಮ್ಮಲ್ಲಿಯೂ ಆರಂಭವಾಗಿದೆ. ೨೦೨೪ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜನಜಂಗುಳಿ ಉಂಟಾದ ಮೇಲೆ ಕರ್ನಾಟಕ ಅರಣ್ಯ ಇಲಾಖೆಯು ಚಾರಣದ ದಾರಿಗಳಿಗೆ ಮುಂಗಡ ನೋಂದಣಿಯನ್ನು ಕಡ್ಡಾಯಗೊಳಿಸಿತು. ತೆಲಂಗಾಣದಲ್ಲಿ ಅನಂತಗಿರಿ ಗುಡ್ಡಗಳು ಚಾರಣಿಗರ ತಾಣವಾಗಿವೆ. ಆದರೆ ಈ ಎರಡೂ ಅಡವಿಯ ದಾರಿಗಳ ಮಾತು. ಊರಿಂದ ಊರಿಗೆ ಹೊಲಗಳ ನಡುವೆ ಹೋಗುವ ದಾರಿಗೆ ಇನ್ನೂ ದಿಕ್ಕಿಲ್ಲ.

೭. ನಮ್ಮ ಕರ್ತವ್ಯ

ದಾರಿ ಉಳಿಯಬೇಕಾದರೆ ಅದರ ಮೇಲೆ ಕಾಲು ಬೀಳುತ್ತಿರಬೇಕು. ಇದಕ್ಕೆ ನಮ್ಮ ಸೀಮೆಯಲ್ಲಿಯೇ ಆದರ್ಶವಿದೆ. ಮೈಸೂರಿನಲ್ಲಿ ಹುಟ್ಟಿದ ಕನ್ನಡಿಗ ಪಿ. ವಿ. ಸತೀಶ್ ಅವರು (೧೯೪೫-೨೦೨೩) ಸಂಗಡಿಗರೊಡನೆ ೧೯೮೩ರಲ್ಲಿ ಕಟ್ಟಿದ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ ದಲಿತ ಹೆಣ್ಣುಮಕ್ಕಳು ಕಳೆದ ಕಾಲು ಶತಮಾನದಿಂದ ಸಂಕ್ರಾಂತಿಯ ಕಾಲಕ್ಕೆ ಹಳೆಯ ಬೆಳೆಗಳ ಜಾತ್ರೆ ನಡೆಸುತ್ತಾರೆ. ನವಣೆ, ಸಾವೆ, ಜೋಳಗಳ ಬೀಜವನ್ನು ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿಟ್ಟು ಹಳ್ಳಿಯಿಂದ ಹಳ್ಳಿಗೆ ಸಾಗುತ್ತಾರೆ. ಬೀಜದೊಡನೆ ಬಂಡಿಯ ನಡೆಯೂ ಉಳಿಯಿತು. ೨೦೧೯ರಲ್ಲಿ ಈ ಸಂಸ್ಥೆಗೆ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿ ಬಂತು.

ಗಡಿನಾಡಿನ ಶಿಕ್ಷಕರಿಂದ ಆಗತಕ್ಕ ಕೆಲಸಗಳು ಮೂರು. ಒಂದನೆಯದು, ಪ್ರತಿ ಶಾಲೆಯೂ ತನ್ನ ಊರಿನ ಗ್ರಾಮನಕಾಶೆಯ ಪ್ರತಿಯನ್ನು ಪಡೆದು, ಚುಕ್ಕೆಗೆರೆಗಳನ್ನು ಮಕ್ಕಳೊಡನೆ ನಡೆದು ನೋಡಿ, ಇದ್ದುದೆಷ್ಟು, ಮುಚ್ಚಿದುದೆಷ್ಟು ಎಂದು ಬರೆದಿಡುವುದು. ಎರಡನೆಯದು, ದಾರಿಯ ಮೇಲಿನ ಬಾವಿ, ಕಟ್ಟೆ, ಗುಡಿ, ದರ್ಗಾ, ಹಾಯ್ಗಡಗಳ ಹೆಸರನ್ನು ಕನ್ನಡ, ತೆಲುಗು, ಉರ್ದು, ಲಂಬಾಣಿ ಭಾಷೆಗಳಲ್ಲಿ ಹಿರಿಯರಿಂದ ಕೇಳಿ ಸಂಗ್ರಹಿಸುವುದು. ಮೂರನೆಯದು, ಗಡಿಯ ಆಚೆಯ ಶಾಲೆಯವರೊಡನೆ ಕೂಡಿ ಎರಡು ಅರ್ಧಗಳನ್ನು ಒಂದು ಹಾಳೆಯ ಮೇಲೆ ಜೋಡಿಸುವುದು. ತಾಂಡೂರಿನಿಂದ ಕಾಗಿಣೆಯ ದಂಡೆಯಲ್ಲಿ ಮಳಖೇಡಕ್ಕೆ, ಬೀದರದಿಂದ ಝರಾಸಂಗಮಕ್ಕೆ, ನಾರಾಯಣಖೇಡದಿಂದ ಮಂಜೀರೆ ದಾಟಿ ಜಹೀರಾಬಾದಕ್ಕೆ, ಈ ಮೂರನ್ನು ಮೊದಲು ಕೈಗೆತ್ತಿಕೊಂಡರೆ ಸಾಕು. ಇಂಥ ಹಾಳೆಯೊಂದು ಕೈಯಲ್ಲಿದ್ದರೆ ಎರಡೂ ಸರಕಾರಗಳ ಬಾಗಿಲನ್ನು ತಟ್ಟಬಹುದು. ಬರಿಗೈಯಲ್ಲಿ ಹೋದವರಿಗೆ ‘ದಾರಿ ಎಲ್ಲಿದೆ, ತೋರಿಸಿ’ ಎಂಬ ಒಂದೇ ಪ್ರಶ್ನೆ ಸಾಕು, ಮರಳಿ ಬರಲು.

ನಮ್ಮ ಸೀಮೆಯಲ್ಲಿ ಕನ್ನಡ ಶಾಲೆಗಳು ಕಡಿಮೆ, ಕನ್ನಡ ಪುಸ್ತಕಗಳು ಇನ್ನೂ ಕಡಿಮೆ. ಮಕ್ಕಳು ಓದಬಹುದಾದ ಒಂದು ಗ್ರಂಥ ಮಾತ್ರ ಊರ ಹೊರಗಿನ ಅಗಸೆಯಿಂದಲೇ ಆರಂಭವಾಗಿ, ಹೊಲಗಳ ನಡುವೆ ಹಾದು, ಮಾನ್ಯಖೇಟದವರೆಗೂ ಕಲ್ಯಾಣದವರೆಗೂ ಬಿಚ್ಚಿಕೊಂಡಿದೆ. ಅದರ ಹಾಳೆಗಳು ವರುಷಕ್ಕೆ ಒಂದೊಂದಾಗಿ ನೇಗಿಲಿಗೆ ಸಿಕ್ಕುತ್ತಿವೆ. ಉಳಿದ ಹಾಳೆಗಳನ್ನಾದರೂ ಈ ಬೇಸಗೆಯ ರಜೆಯಲ್ಲಿ ನಕಲು ಮಾಡಿಕೊಳ್ಳೋಣ.