ಬೋರ್ ನೀರು, ಗಂಧದ ಸೋಪು, ಬ್ರೆಜಿಲಿನ ಮೇಣ: ಮನೆಮುಂದೆ ಕಾರು ತೊಳೆಯೋರಿಗೆ ಒಂದಿಷ್ಟು ಇತಿಹಾಸ

1/5
ಆಯುಧಪೂಜೆ ದಿನ ಬೆಳಿಗ್ಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲಿಗಾದ್ರೂ ಹೋಗಿ ನೋಡಿ. ಮನೆ ಮುಂದೆ ಬಕೆಟ್ಟು, ಪೈಪು, ನೊರೆ. ತೊಳೆದ ಕಾರು ಅರ್ಧ ಗಂಟೆ ಬಿಸಿಲಲ್ಲಿ ನಿಂತರೆ ಸಾಕು, ಬಾನೆಟ್ ತುಂಬ ಬಿಳಿ ಚುಕ್ಕಿ! ಎಲ್ಲರೂ ಶಾಂಪೂ ಬಾಟಲಿಗೆ ಬೈತಾರೆ. ಪಾಪ, ಬಾಟಲಿ ಏನೂ ಮಾಡಿಲ್ಲ. ಚುಕ್ಕಿ ನೀರಿನದು. ನಮ್ಮ ಕಡೆ ಯಾವ ಶಾಂಪೂ, ಯಾವ ಬಟ್ಟೆ, ಯಾವ ಮೇಣ ಅನ್ನೋದನ್ನ ತೀರ್ಮಾನ ಮಾಡೋದೇ ನೀರು.

2/5
ಜಯಮಂಗಲಿ ಹುಟ್ಟೋದು ದೇವರಾಯನದುರ್ಗದಲ್ಲಿ. ಕೊರಟಗೆರೆ, ಮಧುಗಿರಿ ದಾಟಿ ಉತ್ತರ ಪಿನಾಕಿನಿ ಸೇರುತ್ತೆ. ಪಾವಗಡದ ನಾಗಲಮಡಿಕೆ ಪಕ್ಕದಲ್ಲಿ ಹರಿಯೋದೂ ಅದೇ ಪಿನಾಕಿನಿ. ಶಿರಾ ಕಡೆ ಕಳ್ಳಂಬೆಳ್ಳ ಕೆರೆ ಇದೆ. ಆದರೆ ಹೊಳೆಯಲ್ಲಿ ವರ್ಷಪೂರ್ತಿ ನೀರು ಎಲ್ಲಿರುತ್ತೆ ಹೇಳಿ? ಕೊನೆಗೆ ಗತಿ ಬೋರ್‌ವೆಲ್.

ಆಳದ ನೀರು ಕಲ್ಲಿನ ಸಂದಿಯಲ್ಲಿ ಬಹಳ ಕಾಲ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಬರುತ್ತೆ. ಅದನ್ನೇ ಗಡಸು ನೀರು ಅನ್ನೋದು. ಎಣ್ಣೆ-ಕೊಬ್ಬಿನಿಂದ ಮಾಡಿದ ಸೋಪು ಈ ನೀರಿಗೆ ಬಿದ್ದರೆ ನೊರೆಯ ಬದಲು ಮೊಸರಿನಂಥ ಗಷ್ಟು ಆಗುತ್ತೆ. ಮನೆಯಲ್ಲೇ ನೋಡಬಹುದು: ಬಾಟಲಿಗೆ ಬೋರ್ ನೀರು ತುಂಬಿ, ಮೈಸೋಪಿನ ಚೂರು ಹಾಕಿ ಕುಲುಕಿ. ಇನ್ನೊಂದು ಬಾಟಲಿಯಲ್ಲಿ ಮಳೆನೀರಿಟ್ಟು ಹಾಗೇ ಮಾಡಿ. ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಅಜ್ಜಿಯರು ರೇಷ್ಮೆ ಸೀರೆಗೂ ಒಡವೆಗೂ ಅಂಟುವಾಳಕಾಯಿ ಹುಡುಕ್ತಿದ್ದರಲ್ವಾ? ಅದರ ಸಪೋನಿನ್ ಕ್ಯಾಲ್ಸಿಯಂ ಜೊತೆ ಗಷ್ಟು ಕಟ್ಟಲ್ಲ. ಗಡಸು ನೀರಲ್ಲೂ ನೊರೆ ಕೊಡುತ್ತೆ. ರಸಾಯನಶಾಸ್ತ್ರದ ಪುಸ್ತಕ ಓದದೇನೇ ಸರಿಯಾದ ಸಾಮಾನು ಆರಿಸಿದ್ದರು ನೋಡಿ.

3/5
ಈಗ 1914ಕ್ಕೆ ಹೋಗೋಣ. ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾದ ಭಾಗ ಇದು.

ಮೊದಲ ಮಹಾಯುದ್ಧ ಶುರುವಾಯ್ತು. ಮೈಸೂರಿನ ಗಂಧದ ಮರ ಎಣ್ಣೆ ತೆಗೆಯೋಕೆ ಯುರೋಪಿಗೆ ಹೋಗ್ತಿತ್ತು, ಅದು ನಿಂತಿತು. ಮರ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ್, ದಿವಾನ್ ವಿಶ್ವೇಶ್ವರಯ್ಯ ಸೇರಿ ಇಲ್ಲೇ ಎಣ್ಣೆ ತೆಗೆಸಿದರು, ಆಮೇಲೆ ಸೋಪು ಮಾಡಿಸಿದರು. ಸೋಪಿನ ಕೆಲಸಕ್ಕೆ ನಿಂತವರು ಎಸ್. ಜಿ. ಶಾಸ್ತ್ರಿ. ಮೈಸೂರು ಸ್ಯಾಂಡಲ್ ಹುಟ್ಟಿದ್ದು ಹೀಗೆ.

ಅದೇ ಯುದ್ಧದಲ್ಲಿ ಜರ್ಮನಿಗೆ ಬೇರೆ ಕಷ್ಟ. ಸೋಪು ಮಾಡೋಕೆ ಕೊಬ್ಬೇ ಇಲ್ಲ! ಅಲ್ಲಿನ ವಿಜ್ಞಾನಿಗಳು ಕಲ್ಲಿದ್ದಲಿನ ಟಾರಿನಿಂದ ಸಿಗುವ ರಾಸಾಯನಿಕದಲ್ಲಿ ಸೋಪಿನ ಬದಲಿ ಹುಡುಕಿದರು. ಡಿಟರ್ಜೆಂಟಿನ ಮೊದಲ ಹೆಜ್ಜೆ ಅದು. ಗಡಸು ನೀರಲ್ಲಿ ಅದು ಗಷ್ಟು ಕಟ್ಟಲಿಲ್ಲ. ನಮ್ಮ ದೇಶಕ್ಕೆ 1959ರಲ್ಲಿ ಸರ್ಫ್ ಬಂತು, 1969ರಲ್ಲಿ ನಿರ್ಮಾ.

ಅಂದ್ರೆ ಒಂದೇ ಯುದ್ಧ ನಮಗೆ ಗಂಧದ ಸೋಪನ್ನೂ ಕೊಟ್ಟಿತು, ಅವರಿಗೆ ಡಿಟರ್ಜೆಂಟನ್ನೂ ಕೊಟ್ಟಿತು. ಕಾರ್ ಶಾಂಪೂ ಈ ಎರಡನೇ ವಂಶದ್ದು. ಪಾತ್ರೆ ತೊಳೆಯೋ ಲಿಕ್ವಿಡ್ಡೂ ಅದೇ ವಂಶ, ಆದರೆ ಜಿಡ್ಡು ತೆಗೆಯೋಕೇ ಮಾಡಿದ್ದು, ಕಾರಿನ ಮೇಣವನ್ನೂ ಎತ್ತಿಬಿಡುತ್ತೆ. ಬಟ್ಟೆ ಸೋಪಿನ ಪುಡಿ ಕ್ಷಾರ, ಬೇಡವೇ ಬೇಡ. ‘ಪಿಎಚ್ ನ್ಯೂಟ್ರಲ್’ ಅಂತ ಬರೆದಿರೋ ಕಾರ್ ಶಾಂಪೂ ಸಾಕು, ದುಬಾರಿದೇ ಆಗಬೇಕಿಲ್ಲ.

4/5
ಒರೆಸೋ ಬಟ್ಟೆ. ನಮ್ಮ ಕಡೆಯವರು ಶಾಂಪೂಗಿಂತ ಜಾಸ್ತಿ ದುಡ್ಡು ಇದಕ್ಕೆ ಹಾಕಬೇಕು ಅನ್ನೋದು ನನ್ನ ವಾದ. ನೀರು ಆವಿಯಾಗುತ್ತೆ, ಸುಣ್ಣ ಉಳಿಯುತ್ತೆ. ಆವಿಯಾಗೋಕೆ ಮೊದಲೇ ಎತ್ತಿಬಿಟ್ಟರೆ ಚುಕ್ಕಿಯೇ ಇಲ್ಲ. ಹಿಂದೆ ಡ್ರೈವರುಗಳು ಶಾಮಿ ಚರ್ಮ ಇಟ್ಟುಕೊಳ್ತಿದ್ದರು, ಮೀನೆಣ್ಣೆಯಲ್ಲಿ ಹದ ಮಾಡಿದ ಕುರಿಚರ್ಮ. ಆಮೇಲೆ ಮೈಕ್ರೋಫೈಬರ್ ಬಂತು. ಕೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಆ ಎಳೆಯನ್ನ ಜಪಾನಿನ ತೋರೇ ಕಂಪನಿಯ ಮಿಯೋಶಿ ಒಕಾಮೊಟೊ ರೂಪಿಸಿದ್ದು 1970ರ ಸುಮಾರಿಗೆ. ಹಳೇ ಬನೀನು, ಲುಂಗಿ ಬಿಡಿ. ಅದರ ಹೊಲಿಗೆ, ಅದರಲ್ಲಿ ಸಿಕ್ಕಿಕೊಂಡ ಮರಳು ಎರಡೂ ಪೇಂಟಿಗೆ ಗೀರು ಹಾಕುತ್ತೆ.

ಚುಕ್ಕಿ ಆಗಲೇ ಕೂತಿದ್ದರೆ? ಅದು ಸುಣ್ಣ, ಹುಳಿಗೆ ಕರಗುತ್ತೆ. ನೀರು ಬೆರೆಸಿದ ವಿನೆಗರ್‌ನಲ್ಲಿ ನೆರಳಲ್ಲೇ ಒರೆಸಿ, ಕೂಡಲೇ ತೊಳೆಯಿರಿ. ಹಿತ್ತಾಳೆಗೆ ಹಚ್ಚೋ ಹುಣಸೆಹಣ್ಣು ಮಾತ್ರ ಕಾರಿಗೆ ತರಬೇಡಿ, ನಾರು ಉಜ್ಜುತ್ತೆ.

5/5
ಮೇಣ. ಡಬ್ಬಿ ಮೇಲೆ ‘ಕಾರ್ನೌಬಾ’ ಅಂತ ಇರುತ್ತೆ, ನೋಡಿದ್ದೀರಾ? ಅದು ಬ್ರೆಜಿಲಿನ ಈಶಾನ್ಯದ ಒಂದು ತಾಳೆಮರ. ಸಿಯಾರಾ, ಪಿಯಾವಿ ಅನ್ನೋ ಆ ಸೀಮೆ ನಮ್ಮ ಪಾವಗಡದ ಹಾಗೇ ಬರದ ನಾಡು. ಒಳಗಿನ ತೇವ ಹಾರಿಹೋಗದ ಹಾಗೆ ಮರ ತನ್ನ ಎಲೆಗೆ ತಾನೇ ಮೇಣ ಬಳಿದುಕೊಳ್ಳುತ್ತೆ. ನಮ್ಮ ರಸ್ತೆ ಬದಿಯ ಎಕ್ಕದ ಎಲೆ ಸವರಿ ನೋಡಿ, ಬಿಳಿ ಪುಡಿ ಕೈಗೆ ಅಂಟುತ್ತೆ. ಅದೂ ಅದೇ ಉಪಾಯ.

ಜೇನುಮೇಣ ಕರಗೋದು ಸುಮಾರು 63 ಡಿಗ್ರಿಗೆ, ಕಾರ್ನೌಬಾ 80 ದಾಟಿದ ಮೇಲೆ. ಏಪ್ರಿಲ್ ಬಿಸಿಲಿನ ಬಾನೆಟ್ಟಿಗೆ ಯಾವುದು ತಡೆಯುತ್ತೆ ನೀವೇ ಹೇಳಿ. ಎಸ್. ಸಿ. ಜಾನ್ಸನ್ ಕಂಪನಿಯ ಒಡೆಯ ಈ ಮರ ಹುಡುಕಿಕೊಂಡು 1935ರಲ್ಲಿ ಅಮೆರಿಕದಿಂದ ಬ್ರೆಜಿಲಿಗೆ ವಿಮಾನದಲ್ಲೇ ಹೋಗಿದ್ದ!

ಮೇಣ ಹಚ್ಚಿದ ಕಾರಿಗೆ ಧೂಳು ಗಟ್ಟಿಯಾಗಿ ಅಂಟಲ್ಲ, ಎರಡು ಬಕೆಟ್‌ನಲ್ಲಿ ಕೆಲಸ ಮುಗಿಯುತ್ತೆ. ಪೈಪ್ ಹಿಡಿದು ನಿಂತರೆ ನೂರಾರು ಲೀಟರ್. ತಿರುಮಣಿ ಸುತ್ತ 13,000 ಎಕರೆ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿನ ಫಲಕಗಳಿಗೂ ಧೂಳಿನದೇ ಕಾಟ, ಅವನ್ನೂ ತೊಳೀಬೇಕು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಊರುಗಳೂ ಅದೇ ತಾಲ್ಲೂಕಿನವು.

ಬಾಟಲಿ ಕುಲುಕಿ ನೋಡಿದವರು ನಿಮ್ಮ ಊರ ಹೆಸರು ಬರೀರಿ. ನೊರೆ ಬಂತಾ, ಗಷ್ಟಾ?