ಹುಬ್ಬಳ್ಳಿ-ಧಾರವಾಡದ ರಸ್ತೆ ಅಳೆಯಬೇಕಾದ ವಾಹನ ಯಾವುದು?

ವಾಹನದಲ್ಲಿ ಸಂವೇದಕ ಇಟ್ಟು ನಗರದ ಸ್ಥಿತಿ ಅರಿಯಬಹುದು ಎಂಬುದು ಈಗ ವಿವಾದದ ವಿಷಯವಲ್ಲ. 2008ರಲ್ಲಿ ಎಂಐಟಿಯ ಸಂಶೋಧಕರು ಬಾಸ್ಟನ್ ಭಾಗದ ಟ್ಯಾಕ್ಸಿಗಳಲ್ಲಿ ಕುಲುಕಾಟ ಅಳೆಯುವ ಅಕ್ಸೆಲರೋಮೀಟರ್ ಅಳವಡಿಸಿ ರಸ್ತೆಗುಂಡಿಗಳನ್ನು ಗುರುತಿಸಿದರು. ಅದೇ ವರ್ಷ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನ ‘ನೆರಿಸೆಲ್’ ಯೋಜನೆ ಮೊಬೈಲ್ ಫೋನಿನಿಂದಲೇ ಗುಂಡಿ, ಹಾರ್ನ್‌ಗಳನ್ನು ಪತ್ತೆಹಚ್ಚಿತು. 2012ರಲ್ಲಿ ಮೈಸೂರಿನ ನಗರ ಬಸ್ಸುಗಳಿಗೆ ಜಿಪಿಎಸ್ ಬಂತು.

ತಕರಾರು ಇರುವುದು ವಾಹನದ ಆಯ್ಕೆಯಲ್ಲಿ. ಹತ್ತೇ ಟ್ಯಾಕ್ಸಿಗಳು ಒಂದು ದಿನದಲ್ಲಿ ಮ್ಯಾನ್‌ಹಟನ್ನಿನ ಮೂರನೇ ಒಂದು ಪಾಲು ಬೀದಿಗಳನ್ನು ಮುಟ್ಟುತ್ತವೆ ಎಂದು ಸಂಶೋಧಕರಾದ ಕೆವಿನ್ ಓಕೀಫ್, ಕಾರ್ಲೊ ರಾಟಿ ಮೊದಲಾದವರು 2019ರಲ್ಲಿ ತೋರಿಸಿದರು. ಪ್ರಯಾಣಿಕರು ಹೇಳಿದತ್ತ ತಿರುಗುವ ಟ್ಯಾಕ್ಸಿಗೆ ಈ ಲೆಕ್ಕ ಒಪ್ಪುತ್ತದೆ. ಗೊತ್ತಾದ ದಾರಿಯಲ್ಲೇ ಓಡುವ ಬಸ್ಸಿಗೆ ಅದನ್ನೇ ಹೊಂದಿಸಲಾಗದು; ಹುಬ್ಬಳ್ಳಿ-ಧಾರವಾಡವೇ ಇದಕ್ಕೆ ಉದಾಹರಣೆ.

2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿ ಸೇರಿದ ಈ ಅವಳಿನಗರದಲ್ಲಿ ಮೊದಲು ನೆನಪಾಗುವುದು 2018ರಲ್ಲಿ ಎರಡೂ ನಗರಗಳ ನಡುವೆ ಓಡಾಟ ಶುರುಮಾಡಿದ ಚಿಗರಿ ತ್ವರಿತ ಬಸ್ಸು. ಆದರೆ ಸುಮಾರು 22 ಕಿಲೋಮೀಟರಿನ ಅದರ ಮಾರ್ಗದಲ್ಲಿ ಎಷ್ಟು ಬಸ್ಸು ಓಡಿದರೂ ಅಳತೆಯಾಗುವುದು ಅದೇ ರಸ್ತೆ. ಬಸ್ಸು ಬರುವ ಹೊತ್ತು ತಿಳಿಸಲು ಚಿಗರಿ ಅತ್ಯುತ್ತಮ; ಓಣಿಯ ಗುಂಡಿ ಅದಕ್ಕೆ ಕಾಣದು. ಓಣಿಯೊಳಗೆ ಹೋಗುವುದು ಪಾಲಿಕೆಯ ಕಸದ ಟಿಪ್ಪರ್.

ರಸ್ತೆ ಸ್ಥಿತಿಯ ಮಟ್ಟಿಗೆ ಚಿಗರಿಗಿಂತ ಟಿಪ್ಪರೇ ಮೇಲು ಎಂಬುದು ಈ ಲೇಖನದ ವಾದ. ಇದಕ್ಕೆ ಗಂಭೀರ ಆಕ್ಷೇಪವೂ ಇದೆ: ನಿಧಾನವಾಗಿ ಸಾಗುವ ವಾಹನದಲ್ಲಿ ಗುಂಡಿಯ ಏಟು ಸ್ಪಷ್ಟವಾಗಿ ದಾಖಲಾಗದು. ನೆರಿಸೆಲ್ ಇದಕ್ಕೆ ಭಾಗಶಃ ಉತ್ತರ ಕೊಟ್ಟಿದೆ. ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ ಅದು ಕಂಪನದ ಏರಿಕೆಯನ್ನು ನಂಬದೆ, ಕೆಲಕ್ಷಣ ಉಳಿಯುವ ಇಳಿತವನ್ನು ಗಮನಿಸಿತು. ಆದರೂ ಟಿಪ್ಪರ್ ಬೆಳಿಗ್ಗೆ ಖಾಲಿ, ಆಮೇಲೆ ತುಂಬಿದ್ದು; ಭಾರದೊಂದಿಗೆ ಕಂಪನವೂ ಬದಲಾಗುತ್ತದೆ. ಹೀಗಾಗಿ ಒಂದೇ ಮಾನದಂಡ ಸಾಲದು. ಸ್ಥಳದಲ್ಲಿ ಕೈಯಾರೆ ಅಳೆದು ತಾಳೆ ನೋಡುವವರೆಗೆ ಈ ವಾದ ಸಾಧ್ಯತೆಯಾಗಿಯೇ ಉಳಿಯುತ್ತದೆ.

ಪಾಲಿಕೆಯ ಗಡಿಯಲ್ಲಿ ಟಿಪ್ಪರ್ ನಿಲ್ಲುತ್ತದೆ, ಜನರ ಓಡಾಟ ನಿಲ್ಲುವುದಿಲ್ಲ. ಕಲಘಟಗಿ ತಾಲೂಕಿನ ತಂಬೂರಿನಂಥ ಊರಿನವರಿಗೆ ದೊಡ್ಡ ಆಸ್ಪತ್ರೆಯೆಂದರೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ). ಅವರ ರಸ್ತೆಯನ್ನು ಅಳೆಯಬಲ್ಲದ್ದು ವಾಯವ್ಯ ಸಾರಿಗೆಯ ಹಳ್ಳಿ ಬಸ್ಸು. ಟ್ರಿಪ್ಪುಗಳು ಕಡಿಮೆಯಾದರೂ ತೊಂದರೆಯಿಲ್ಲ; ಡಾಂಬರು ಕೀಳುವುದು ಗಂಟೆಗಳಲ್ಲಲ್ಲ, ವಾರಗಳಲ್ಲಿ. ನವಲಗುಂದ, ಅಣ್ಣಿಗೇರಿಯ ಎರೆಭೂಮಿ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವಾಗ ರಸ್ತೆ ಕುಸಿಯುವುದೂ ಹಾಗೆಯೇ. ಆದರೆ ಆ ಭಾಗದ ಬೆಣ್ಣಿಹಳ್ಳ ಉಕ್ಕಿ ರಸ್ತೆ ಮುಳುಗಿದಾಗ ಬಸ್ಸೇ ಹೋಗದು, ಸಂವೇದಕವೂ ಸುಮ್ಮನಾಗುತ್ತದೆ. ಅಲ್ಲಿ ಹಳ್ಳದ ದಂಡೆಯಲ್ಲೇ ನೀರಿನ ಮಟ್ಟ ಅಳೆಯುವ ಸಾಧನ ಬೇಕು.

ಎರಡು ಪ್ರಶ್ನೆಗಳು ಉಳಿದಿವೆ. ಚಾಲಕರ ಮೇಲೆ ಕಣ್ಗಾವಲಾಗದಂತೆ ಈ ದತ್ತಾಂಶ ಕಾಯುವವರು ಯಾರು? ಪಾಲಿಕೆ, ಲೋಕೋಪಯೋಗಿ, ಪಂಚಾಯತ್ ರಾಜ್ ಇಲಾಖೆಗಳ ನಡುವೆ ಹಂಚಿಹೋದ ರಸ್ತೆಗಳ ದೂರು ಯಾರ ಮೇಜಿಗೆ ಹೋಗಬೇಕು? ಇವು ಇತ್ಯರ್ಥವಾಗುವ ಮುನ್ನವೇ ಕೆಲವು ಟಿಪ್ಪರ್, ಕೆಲವು ಹಳ್ಳಿ ಬಸ್ಸುಗಳಲ್ಲಿ ಒಂದು ಮುಂಗಾರು ಪೂರ್ತಿ ಪ್ರಯೋಗ ನಡೆಸಲು ಅಡ್ಡಿಯಿಲ್ಲ. ಪಾಲಿಕೆಯೂ ಸಾರಿಗೆ ಸಂಸ್ಥೆಯೂ ಕೂಡಿ ಅದನ್ನು ಕೈಗೊಳ್ಳಬೇಕು.