ಸೂತ್ರಚಿತ್ರದ ಸೂಜಿಯೂ ಶುಲ್ಬದ ರಜ್ಜುವೂ

ಸಂಸ್ಕೃತದಲ್ಲಿ ‘ಸೂತ್ರ’ವೆಂಬ ಶಬ್ದಕ್ಕೆ ನೂಲೆಂಬುದೇ ಮೊದಲ ಅರ್ಥ, ಅಲ್ಪಾಕ್ಷರಗಳಿಂದ ಬಹ್ವರ್ಥವನ್ನು ತಿಳಿಸುವ ವಾಕ್ಯವೆಂಬ ಅರ್ಥವು ಬಳಿಕ ಬಂದುದು. ಶಾಸ್ತ್ರಗಳನ್ನೋದಿದ ನಮ್ಮಂಥವರಿಗೆ ಎರಡನೆಯ ಅರ್ಥವೇ ಬಾಯಲ್ಲಿ ನಿಂತು, ಮೊದಲನೆಯದು ಮರೆವೆಗೆ ಸಂದಿರುವುದು. ಆ ಮರೆತ ಅರ್ಥವನ್ನು ನೆನಪಿಗೆ ತರುವ ಒಂದು ಸಣ್ಣ ಕೈಗೆಲಸವನ್ನೂ ಅದರ ಉಪಕರಣವನ್ನೂ ಕುರಿತು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ‘ಸ್ಟ್ರಿಂಗ್ ಆರ್ಟ್’ ಎಂದು ಹೆಸರಾದ ಈ ಕೆಲಸವನ್ನು ಇಲ್ಲಿ ಸೂತ್ರಚಿತ್ರವೆಂದು ಕರೆಯುವೆನು. ರಟ್ಟಿನ ಅಂಚಿನಲ್ಲಿ ಸಮದೂರದಲ್ಲಿ ರಂಧ್ರಗಳನ್ನು ಮಾಡಿ, ಒಂದರಿಂದ ಮತ್ತೊಂದಕ್ಕೆ ನಿಯಮವರಿತು ನೂಲನ್ನು ಹಾಯಿಸಿದರೆ ನೆಟ್ಟನೆಯ ಎಳೆಗಳ ನಡುವೆ ಅಂದವಾದ ಬಾಗುಗೆರೆಯೊಂದು ಮೂಡುವುದು. ಇದಕ್ಕೆ ಬೇಕಾದ ಕೈಯುಪಕರಣವು ಸಾಮಾನ್ಯವಾದ ಸೂಜಿ. ರಟ್ಟಿನ ಬದಲು ಹಲಗೆಯನ್ನೂ ರಂಧ್ರಗಳ ಬದಲು ಮೊಳೆಗಳನ್ನೂ ಬಳಸುವ ಪದ್ಧತಿಯು 1960ರ ದಶಕದಿಂದೀಚೆಗೆ ಮನೆಮನೆಯ ಅಲಂಕಾರವಾಗಿ ಹಬ್ಬಿತು. ಅಲ್ಲಿ ಸೂಜಿಯ ಸ್ಥಾನಕ್ಕೆ ಕೊಳವೆಯೊಂದು ಬರುವುದು. ಬರಿದಾದ ಲೇಖನಿಯ ಕೊಳವೆಯಾದರೂ ಸಾಕು. ದಾರವು ಅದರೊಳಗೆ ಹಾದು ತುದಿಯಲ್ಲಿ ಹೊರಬರುವುದರಿಂದ ಬೆರಳುಗಳು ಮೊಳೆಗಳ ಸಂದಿಯಲ್ಲಿ ಸಿಲುಕುವುದಿಲ್ಲ, ಎಳೆಯ ಬಿಗಿಯೂ ಸಡಿಲುವುದಿಲ್ಲ. ನೇಕಾರನ ಲಾಳಿಯು ಹೊಕ್ಕಿನ ನೂಲನ್ನು ತನ್ನ ಕಣ್ಣಿನಿಂದ ಬಿಡುತ್ತ ಸಾಗುವಂತೆಯೇ ಇದೂ ಎಂದು ತಿಳಿಯಬಹುದು.

ಈ ಕಲೆಯ ಮೂಲವು ಎಲ್ಲಿಯದು? ಸಂಸ್ಕೃತಪಾಠಶಾಲೆಯಲ್ಲಿ ಓದಿದವನ ಮನಸ್ಸಿಗೆ ಥಟ್ಟನೆ ತೋರುವ ಉತ್ತರವೊಂದುಂಟು: ಹಗ್ಗದಿಂದ ಆಕೃತಿಗಳನ್ನು ರಚಿಸುವ ವಿದ್ಯೆಯು ನಮ್ಮ ಶುಲ್ಬಸೂತ್ರಗಳದಲ್ಲವೆ? ಆದುದರಿಂದ ಇದೂ ನಮ್ಮದೇ. ನನಗೂ ಮೊದಲು ಹೀಗೆಯೇ ತೋರಿತು. ಇದನ್ನು ಪೂರ್ವಪಕ್ಷವಾಗಿಟ್ಟುಕೊಂಡು, ಮೊದಲು ಇತಿಹಾಸವನ್ನು ನೋಡೋಣ.

ಸೂಜಿ ನೂಲುಗಳ ಈ ವಿನೋದವನ್ನು ಮಕ್ಕಳ ಗಣಿತಶಿಕ್ಷಣಕ್ಕೆ ತಂದಾಕೆ ಇಂಗ್ಲೆಂಡಿನ ಮೇರಿ ಎವರೆಸ್ಟ್ ಬೂಲ್. ಈಕೆ 1832ರಲ್ಲಿ ಗ್ಲಾಸ್ಟರ್‌ಷೈರ್ ಪ್ರಾಂತದ ವಿಕ್‌ವಾರ್ ಗ್ರಾಮದಲ್ಲಿ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದಳು. ತಂದೆಯ ಅನಾರೋಗ್ಯದ ನಿಮಿತ್ತ ಕುಟುಂಬವು ಫ್ರಾನ್ಸಿಗೆ ಹೋಗಿ ನೆಲಸಿದುದರಿಂದ ಈಕೆಯ ಬಾಲ್ಯವು ಅಲ್ಲಿ ಕಳೆಯಿತು. ಈಕೆಯ ದೊಡ್ಡಪ್ಪನಾದ ಜಾರ್ಜ್ ಎವರೆಸ್ಟನು 1830ರಿಂದ 1843ರವರೆಗೆ ಭಾರತದ ಸರ್ವೇಯರ್ ಜನರಲ್ ಆಗಿದ್ದವನು. 1865ರಲ್ಲಿ ಹಿಮಾಲಯದ ಅತ್ಯುನ್ನತ ಶಿಖರಕ್ಕೆ ಇಟ್ಟುದು ಈತನ ಹೆಸರನ್ನೇ. 1855ರಲ್ಲಿ ಮೇರಿಯು ತರ್ಕವನ್ನು ಬೀಜಗಣಿತದ ರೂಪಕ್ಕೆ ತಂದು ವಿಖ್ಯಾತನಾದ ಜಾರ್ಜ್ ಬೂಲನನ್ನು ವರಿಸಿದಳು. ಒಂಬತ್ತು ವರ್ಷಗಳು ಕಳೆಯುವಷ್ಟರಲ್ಲಿ, 1864ರ ಡಿಸೆಂಬರಿನಲ್ಲಿ, ಆತನು ತೀರಿಹೋದನು. ಐವರು ಹೆಣ್ಣುಮಕ್ಕಳು, ಕಿರಿಯಳು ಇನ್ನೂ ವರ್ಷ ತುಂಬದ ಶಿಶು. ಆ ಬಳಿಕ ಈಕೆ ಲಂಡನ್ನಿನ ಕ್ವೀನ್ಸ್ ಕಾಲೇಜಿನಲ್ಲಿ ಪುಸ್ತಕಭಂಡಾರದ ಕೆಲಸವನ್ನು ಹಿಡಿದಳು. ಸ್ತ್ರೀಯರಿಗೆ ಅಧ್ಯಾಪಕಪದವಿಯು ದುರ್ಲಭವಾಗಿದ್ದ ಆ ಕಾಲದಲ್ಲಿ ಪುಸ್ತಕಗಳ ನಡುವೆಯೇ ಕುಳಿತು ವಿದ್ಯಾರ್ಥಿನಿಯರಿಗೆ ಗಣಿತದ ಮರ್ಮವನ್ನು ತಿಳಿಸುತ್ತಿದ್ದಳು. 1904ರಲ್ಲಿ ಮಗುವನ್ನು ವಿಜ್ಞಾನಕ್ಕೆ ಅಣಿಗೊಳಿಸುವ ವಿಷಯವಾಗಿಯೂ, 1909ರಲ್ಲಿ ಬೀಜಗಣಿತದ ತತ್ತ್ವವಿನೋದಗಳನ್ನು ಕುರಿತೂ ಗ್ರಂಥಗಳನ್ನು ಪ್ರಕಟಿಸಿ, 1916ರಲ್ಲಿ ಕಾಲವಾದಳು.

ಸೂಜಿಯ ಕೆಲಸವು ತನಗೆ ಹೊಳೆದ ಬಗೆಯನ್ನು ಈಕೆ ತಾನೇ ಬರೆದಿಟ್ಟಿರುವಳು. ಸೂಜಿಗಳನ್ನು ಚುಚ್ಚಿಡುವ ಸಣ್ಣ ಸಂಚಿಗಳನ್ನು ಮಾಡಲು ಅಂಚಿನಲ್ಲಿ ರಂಧ್ರಗಳುಳ್ಳ ಜೋಡಿ ರಟ್ಟುಗಳು ಆಗ ಅಂಗಡಿಗಳಲ್ಲಿ ಮಾರಾಟಕ್ಕೆ ಬರುತ್ತಿದ್ದುವು. ರಟ್ಟಿನ ಮೇಲೆ ಚಿತ್ರ ಬರೆದು, ಎರಡನ್ನೂ ಸೇರಿಸಿ ಹೊಲಿಯಬೇಕು. ಈ ಬಾಲಿಕೆಗೆ ಚಿತ್ರ ಬರೆಯಲು ಬಾರದು. ಆದುದರಿಂದ ಬರಿದಾದ ಜಾಗವನ್ನು ರೇಷ್ಮೆಯ ಎಳೆಗಳಿಂದ ತುಂಬಿದಳು. ಮೊದಲು ಪ್ರತಿಯೊಂದು ರಂಧ್ರದಿಂದ ನೇರ ಎದುರಿನ ರಂಧ್ರಕ್ಕೆ ನೂಲನ್ನು ಹಾಯಿಸಿದಳು. ಎಳೆಗಳೆಲ್ಲ ನಡುವೆ ಕೂಡಿದುವು. ಅದು ಬೇಸರವಾದಾಗ ಎದುರಿನದನ್ನು ಬಿಟ್ಟು ಪಕ್ಕದ ರಂಧ್ರಕ್ಕೆ ಹಾಯಿಸಿದಳು. ಆಗ ನಡುವೆ ಸಣ್ಣದೊಂದು ಜಾಗವು ಖಾಲಿಯಾಗಿ ಉಳಿದು, ಅದರ ಸುತ್ತ ಸಮರೂಪವಾದ ಬಾಗುಗೆರೆಯು ಕಾಣಿಸಿತು. ಒಂದೊಂದು ನೆಟ್ಟನೆಯ ಎಳೆಯ ಒಂದೊಂದು ಚೂರು ಸೇರಿ ಆ ಬಾಗು ಆಗಿದ್ದಿತು. ಆಗಿನ ಆನಂದವು ಮುಪ್ಪಿನಲ್ಲಿಯೂ ತನಗೆ ಮಾಸಿರಲಿಲ್ಲವೆಂದು ಈಕೆಯ ಮಾತು. ಈ ಪದ್ಧತಿಯನ್ನು ಪಾಠಕ್ರಮವಾಗಿ ವಿಸ್ತರಿಸಿ ಈಡಿತ್ ಸೊಮರ್ವೆಲ್ ಎಂಬಾಕೆ 1906ರಲ್ಲಿ ಒಂದು ಪುಸ್ತಕವನ್ನೇ ಬರೆದಳು.

ನಿಯಮವು ಬಹು ಸುಲಭ. ಲಂಬವಾಗಿ ಕೂಡುವ ಎರಡು ಗೆರೆಗಳನ್ನೆಳೆದು, ಮೂಲೆಯಿಂದ ಹೊರಕ್ಕೆ ಒಂದೊಂದರ ಮೇಲೆ 10 ರಂಧ್ರಗಳನ್ನು ಸಮದೂರದಲ್ಲಿ ಮಾಡಿ, ಮೂಲೆಯಿಂದ ಅಂಕಿಗಳನ್ನು ಹಾಕಬೇಕು. ಒಂದು ಗೆರೆಯ 1ನೆಯ ರಂಧ್ರವನ್ನು ಇನ್ನೊಂದರ 10ನೆಯದಕ್ಕೂ, 2ನೆಯದನ್ನು 9ನೆಯದಕ್ಕೂ, 3ನೆಯದನ್ನು 8ನೆಯದಕ್ಕೂ ನೂಲಿನಿಂದ ಕೂಡಿಸುತ್ತ ಹೋಗಬೇಕು. ಪ್ರತಿಯೊಂದು ಜೋಡಿಯ ಮೊತ್ತವೂ 11. ಹತ್ತು ಎಳೆಗಳು ಮುಗಿಯುವ ಹೊತ್ತಿಗೆ ಪರವಲಯವೆಂಬ ವಕ್ರರೇಖೆಯು ಕಣ್ಣಿಗೆ ಕಟ್ಟುವುದು. ವೃತ್ತದ ಮೇಲೆ ರಂಧ್ರಗಳನ್ನು ಮಾಡಿ, ಪ್ರತಿಯೊಂದು ಅಂಕಿಯನ್ನು ಅದರ ಇಮ್ಮಡಿಗೆ ಕೂಡಿಸಿದರೆ ಹೃದಯದಂಥ ಆಕೃತಿಯು ಬರುವುದು. ಗೆರೆಗಳ ಸಮೂಹವನ್ನು ಸ್ಪರ್ಶಿಸುವ ವಕ್ರರೇಖೆಗಳ ಗಣಿತವನ್ನು ಲೈಬ್ನಿಟ್ಸನು 1690ರ ದಶಕದಲ್ಲಿಯೇ ನಿರೂಪಿಸಿದ್ದನು. ಪ್ಯಾರಿಸ್ಸಿನ ಓಲಿವಿಯೆ ಎಂಬ ಪಂಡಿತನು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ನೂಲುಗಳನ್ನು ಬಿಗಿದು ವಕ್ರತಲಗಳ ಮಾದರಿಗಳನ್ನು ಮಾಡಿಸಿದ್ದನು. ಆದುದರಿಂದ ಮೇರಿಯು ಗಣಿತವನ್ನು ಹೊಸದಾಗಿ ಕಂಡುಹಿಡಿದಳೆನ್ನಲಾಗದು. ಆ ಗಣಿತವು ಮಗುವಿನ ಬೆರಳಿಗೆ ಎಟಕುವಂತೆ ಮಾಡಿದುದೇ ಆಕೆಯ ಕೀರ್ತಿ.

ಇನ್ನು ಪೂರ್ವಪಕ್ಷಕ್ಕೆ ಬರೋಣ. ‘ಶುಲ್ಬ’ವೆಂದರೆ ಅಳೆಯುವ ಹಗ್ಗ. ಬೌಧಾಯನ, ಆಪಸ್ತಂಬ, ಕಾತ್ಯಾಯನ, ಮಾನವ ಎಂಬ ಶುಲ್ಬಸೂತ್ರಗಳಲ್ಲಿ ಯಜ್ಞವೇದಿಗಳನ್ನು ರಚಿಸುವ ಉಪಕರಣಗಳು ಮುಖ್ಯವಾಗಿ ಎರಡು: ರಜ್ಜು ಮತ್ತು ಶಂಕು, ಎಂದರೆ ಹಗ್ಗ ಮತ್ತು ಗೂಟ. ಸೋಮಯಾಗದ ಮಹಾವೇದಿಯನ್ನೇ ನೋಡಿರಿ. ಪೂರ್ವಪಶ್ಚಿಮವಾಗಿ ಅದರ ಉದ್ದವು 36 ಪ್ರಕ್ರಮ. ಪಡುವಣ ಬಾಹು 30, ಮೂಡಣ ಬಾಹು 24. 36ಕ್ಕೆ ಅದರ ಅರ್ಧವಾದ 18ನ್ನು ಸೇರಿಸಿ 54 ಪ್ರಕ್ರಮದ ಹಗ್ಗವನ್ನು ತೆಗೆದುಕೊಂಡು, ಒಂದು ತುದಿಯಿಂದ 15ರಲ್ಲಿ ಗುರುತು ಮಾಡುವುದು. ಆ ತುದಿಯನ್ನು ಪಡುವಣ ಗೂಟಕ್ಕೂ ಇನ್ನೊಂದನ್ನು ಮೂಡಣ ಗೂಟಕ್ಕೂ ಕಟ್ಟಿ, ಗುರುತನ್ನು ಹಿಡಿದು ದಕ್ಷಿಣಕ್ಕೆ ಎಳೆದರೆ 15, 36, 39ರ ತ್ರಿಕೋನವಾಗಿ ಪಡುವಣದಲ್ಲಿ ಲಂಬಕೋಣವು ಸಿದ್ಧಿಸುವುದು. 15 ಎಂಬುದು 30ರ ಅರ್ಧವಾದುದರಿಂದ ವೇದಿಯ ನೈರೃತ್ಯದ ಮೂಲೆಯೂ ಅಲ್ಲಿಯೇ ದೊರೆಯುವುದು. ಹಗ್ಗವನ್ನು ಉತ್ತರಕ್ಕೆ ಎಳೆದರೆ ವಾಯವ್ಯವು. ತುದಿಗಳನ್ನು ಅದಲುಬದಲು ಮಾಡಿ 12ರಲ್ಲಿ ಗೂಟ ಹೊಡೆದರೆ ಮೂಡಣದ ಮೂಲೆಗಳು. ಒಂದೇ ಹಗ್ಗ, ಅದರಲ್ಲಿ ಎರಡು ಗುರುತು, ವೇದಿಯು ಸಿದ್ಧ.

ಈ ರಜ್ಜುವಿಗೂ ಆ ಸೂಜಿಗೂ ಸಂಬಂಧವನ್ನು ಕಲ್ಪಿಸಲು ಒಂದು ಸೇತುವೆಯೂ ಇದ್ದಂತೆ ಕಾಣುವುದು. ಎವರೆಸ್ಟನು ಕೈಕೊಂಡ ಮಹಾತ್ರಿಕೋನಮಾಪನವನ್ನು ಆರಂಭಿಸಿದವನು ಲ್ಯಾಂಬ್ಟನ್. ಆತನು 1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಉಕ್ಕಿನ ಸರಪಣಿಯನ್ನು ಹಾಸಿ ಆಧಾರರೇಖೆಯೊಂದನ್ನು ಅಳೆದಿದ್ದನು. ಸರಪಣಿಯೂ ಒಂದು ರಜ್ಜುವೇ. ಅದಲ್ಲದೆ ಮೇರಿಯು 1901ರಲ್ಲಿ ಜಗದೀಶಚಂದ್ರ ಬೋಸರಿಗೆ ಬರೆದ ಪತ್ರರೂಪವಾದ ಲೇಖನದಲ್ಲಿ, ತನ್ನ ದೊಡ್ಡಪ್ಪನು ಭಾರತದಲ್ಲಿ ವಿದ್ವಾಂಸನಾದ ಬ್ರಾಹ್ಮಣನೊಬ್ಬನಿಂದ ಉಪದೇಶವನ್ನು ಪಡೆದನೆಂದೂ, ಭಾರತೀಯ ಚಿಂತನೆಯ ಪ್ರಭಾವವು ಬೂಲ್ ಮೊದಲಾದ ಗಣಿತಜ್ಞರವರೆಗೆ ಮುಟ್ಟಿತೆಂದೂ ಹೇಳಿರುವಳು. ಇಷ್ಟು ಸಾಮಗ್ರಿಯು ದೊರೆತ ಮೇಲೆ ದೇಶಾಭಿಮಾನಿಯಾದ ಪಂಡಿತನಿಗೆ ಇನ್ನೇನು ಬೇಕು?

ಆದರೆ ಪರೀಕ್ಷಿಸಿದರೆ ಈ ಸೇತುವೆಯು ಭಾರವನ್ನು ತಾಳದು. ಮೊದಲನೆಯದಾಗಿ, ಆಕೆಯ ಸ್ವಂತ ವಚನ. ರಟ್ಟಿನ ಮೇಲಿನ ನೂಲು ಹೊಳೆದುದು ಅಂಗಡಿಯ ರಟ್ಟಿನಿಂದ ಎಂದು ಆಕೆಯೇ ಹೇಳಿರುವಾಗ, ಅಲ್ಲಿ ಬ್ರಾಹ್ಮಣನನ್ನು ತಂದು ಕೂರಿಸಲು ನಾವು ಯಾರು? ಚಿಂತನೆಯ ಪ್ರಭಾವವನ್ನು ಕುರಿತ ಮಾತನ್ನು ಉಪಕರಣದ ಉಗಮಕ್ಕೆ ಹಚ್ಚುವುದು ಅನ್ಯಾಯ. ಎರಡನೆಯದಾಗಿ, ಕಾಲವಿರೋಧ. ಶುಲ್ಬಸೂತ್ರಗಳ ಗಣಿತವನ್ನು ಜಾರ್ಜ್ ಥೀಬೋ ಪಂಡಿತನು ಯೂರೋಪಿನ ವಿದ್ವಾಂಸರಿಗೆ ವಿಶದಪಡಿಸಿದುದು 1875ರಲ್ಲಿ. ಆಗ ಮೇರಿಗೆ 43 ವರ್ಷ. ರೇಷ್ಮೆಯ ಎಳೆಯ ಆಟವು ಬಾಲ್ಯದ್ದು.

ಮೂರನೆಯದು ಎಲ್ಲಕ್ಕಿಂತ ಬಲವಾದುದು: ಎರಡು ಉಪಕರಣಗಳ ಕ್ರಿಯೆಯೇ ಬೇರೆ. ಶುಲ್ಬದಲ್ಲಿ ಎಳೆದ ಹಗ್ಗವೇ ಆಕೃತಿಯ ಬಾಹು ಅಥವಾ ಕರ್ಣ. ವೃತ್ತ ಬೇಕಾದರೆ ಗೂಟಕ್ಕೆ ಕಟ್ಟಿದ ಹಗ್ಗವನ್ನು ಸುತ್ತಿಸುವುದು. ಸೂತ್ರಚಿತ್ರದಲ್ಲಿಯಾದರೋ ಯಾವ ಎಳೆಯೂ ಬಾಗುಗೆರೆಯಲ್ಲ. ಎಲ್ಲ ಎಳೆಗಳೂ ಅದನ್ನು ಒಂದೊಂದು ಕಡೆ ಮುಟ್ಟಿ ಹೋಗುವುವು, ಅಷ್ಟೆ. ರೆಕ್ಕೆ ಬಾಗಿದ ಶ್ಯೇನಚಿತಿಯುಂಟಲ್ಲ, ಅದು ನೇರ ಅಂಚಿನ ಇಟ್ಟಿಗೆಗಳಿಂದ ಆಗುವುದಷ್ಟೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅಲ್ಲಿಯ ಬಾಗು ಕೋಣದಲ್ಲಿ ಮಡಿದ ಬಾಗು. ಸ್ಪರ್ಶರೇಖೆಗಳಿಂದ ಹುಟ್ಟಿದ ವಕ್ರರೇಖೆಯಲ್ಲ. ಆದುದರಿಂದ ಸೂತ್ರಚಿತ್ರವು ಶುಲ್ಬದ ಸಂತಾನವಲ್ಲವೆಂಬುದೇ ಸಿದ್ಧಾಂತ.

ಹಾಗಾದರೆ ಈ ಹೋಲಿಕೆಯಿಂದ ಫಲವೇನು? ಇಲ್ಲಿ ನನ್ನದೊಂದು ಲೋಪವನ್ನು ಒಪ್ಪಿಕೊಳ್ಳಬೇಕಾಗಿದೆ. ಆಪಸ್ತಂಬಶುಲ್ಬವನ್ನು ನಾನು ಯೌವನದಲ್ಲಿ ವ್ಯಾಖ್ಯಾನಸಹಿತವಾಗಿ ಓದಿ, ಸೂತ್ರಗಳನ್ನು ಕಂಠಪಾಠಮಾಡಿ, ಕೇಳಿದವರಿಗೆ ಅರ್ಥವನ್ನೂ ಹೇಳುತ್ತಿದ್ದೆನು. ಆದರೆ ಮೂವತ್ತು ವರ್ಷಗಳಲ್ಲಿ ಒಂದು ಸಲವೂ ಹಗ್ಗವನ್ನು ಕೈಯಲ್ಲಿ ಹಿಡಿದಿರಲಿಲ್ಲ. ಈ ಲೇಖನಕ್ಕಾಗಿ ಮನೆಯ ಹಿತ್ತಲಿನಲ್ಲಿ ಎರಡು ಗೂಟ ಹೊಡೆದು, ಪ್ರಕ್ರಮಕ್ಕೆ ಬದಲಾಗಿ ಗೇಣಿನ ಲೆಕ್ಕದಲ್ಲಿ 54 ಗೇಣಿನ ಹಗ್ಗವನ್ನು ಎಳೆದು ನೋಡಿದೆನು. ಮೊದಲ ದಿನ ಮೂಲೆ ಕೂಡಲಿಲ್ಲ. ಸೂತ್ರವು ತಪ್ಪಿರಲಿಲ್ಲ, ಹೊಸ ಹಗ್ಗವು ಎಳೆದಷ್ಟೂ ಹಿಗ್ಗಿ ಗುರುತು ಸರಿದಿದ್ದಿತು. ಹಳೆಯ, ಚೆನ್ನಾಗಿ ಎಳೆದು ಪಳಗಿದ ಹಗ್ಗವನ್ನು ತಂದ ಮೇಲೆ ಲಂಬಕೋಣವು ನೆಟ್ಟಗೆ ನಿಂತಿತು. ಯಾವ ವ್ಯಾಖ್ಯಾನವನ್ನು ಓದಿದಾಗಲೂ ನನಗೆ ತಟ್ಟದ ಸಂಗತಿಯು ಒಂದು ಬೆಳಗಿನಲ್ಲಿ ಅಂಗೈಗೆ ತಿಳಿಯಿತು.

ಅದೇ ಸಮಯದಲ್ಲಿ ಎಂಟು ವರ್ಷದ ಮೊಮ್ಮಗಳಿಗೆ ರಟ್ಟನ್ನೂ ಸೂಜಿಯನ್ನೂ ಕೊಟ್ಟು, ಮೊತ್ತವು 11 ಆಗಬೇಕೆಂಬ ನಿಯಮವನ್ನಷ್ಟೇ ಹೇಳಿ ಸುಮ್ಮನಿದ್ದೆನು. ಮುಗಿದ ಮೇಲೆ ಅವಳು ಬೆರಳಿನಿಂದ ಸವರಿ ನೋಡಿ, “ನೂಲೆಲ್ಲ ನೆಟ್ಟಗೇ ಇದೆ, ಬಾಗಿದ್ದು ಯಾವುದು, ತಾತ?” ಎಂದಳು. ಅವಯವಗಳೊಂದರಲ್ಲಿಯೂ ಇಲ್ಲದ ಗುಣವು ಅವಯವಿಯಲ್ಲಿ ಹೇಗೆ ಕಂಡಿತೆಂದು ನಮ್ಮ ತಾರ್ಕಿಕರು ಶತಮಾನಗಳ ಕಾಲ ವಾದಿಸಿದ ಪ್ರಶ್ನೆಯದು. ನಾನು ಉತ್ತರವನ್ನು ಹೇಳಲಿಲ್ಲ. ವಿವರಣೆಗೆ ಅವಸರಪಡಬಾರದು, ಕೈ ಮೊದಲು ಕಲಿಯಲಿ ಎಂಬುದೇ ಮೇರಿ ಬೂಲಳ ಉಪದೇಶವಾಗಿದ್ದಿತು. ಅದರ ಫಲವನ್ನು ಆಕೆಯ ಮನೆಯಲ್ಲಿಯೇ ನೋಡಬಹುದು: ಮೂರನೆಯ ಮಗಳಾದ ಅಲಿಷಿಯಾ ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲದೆಯೇ ರಟ್ಟಿನ ಮಾದರಿಗಳನ್ನು ಮಾಡುತ್ತ ನಾಲ್ಕನೆಯ ಆಯಾಮದ ಘನಾಕೃತಿಗಳನ್ನು ಶೋಧಿಸಿ, 1914ರಲ್ಲಿ ಹಾಲೆಂಡಿನ ಗ್ರೋನಿಂಗೆನ್ ವಿಶ್ವವಿದ್ಯಾನಿಲಯದಿಂದ ಗೌರವ ಡಾಕ್ಟರ್ ಪದವಿಯನ್ನು ಪಡೆದಳು.

ಹೀಗಿರಲು, ಸೂಜಿ ನಮ್ಮದೋ ಪರರದೋ ಎಂಬ ವಿವಾದಕ್ಕಿಂತ ಮುಖ್ಯವಾದ ಮಾತೊಂದುಂಟು. ಯಜ್ಞಭೂಮಿಯಲ್ಲಿ ಹಗ್ಗವೆಳೆದ ಅಧ್ವರ್ಯುವೂ ರಟ್ಟಿನಲ್ಲಿ ರೇಷ್ಮೆಯನ್ನು ಹಾಯಿಸಿದ ಬಾಲಿಕೆಯೂ ಪರಸ್ಪರ ಅರಿಯದೆ ಒಂದೇ ಸತ್ಯವನ್ನು ಆಚರಿಸಿದರು: ನೂಲು ಮೊದಲು, ವಾಕ್ಯ ಬಳಿಕ. ಆ ಬಾಲಿಕೆಯ ದೇಶದವರು ಸೂಜಿಯನ್ನು ಶಾಲೆಗೆ ತಂದರು. ನಾವು ಹಗ್ಗವನ್ನು ಬಿಟ್ಟು ವಾಕ್ಯವನ್ನು ಮಾತ್ರ ಉಳಿಸಿಕೊಂಡೆವು. ಪರರ ಉಪಕರಣಕ್ಕೆ ನಮ್ಮ ಮುದ್ರೆಯನ್ನೊತ್ತುವುದರಿಂದ ಶುಲ್ಬಕ್ಕೆ ಗೌರವವು ಬಾರದು. ಶುಲ್ಬವನ್ನು ಪಾಠ ಹೇಳುವ ದಿನ ವಿದ್ಯಾರ್ಥಿಗಳ ಕೈಗೆ ಪಳಗಿದ ಒಂದು ಹಗ್ಗವನ್ನೂ ಎರಡು ಗೂಟಗಳನ್ನೂ ಕೊಟ್ಟರೆ ಬರುವುದು. ವಿದ್ವಜ್ಜನರು ಇದನ್ನು ವಿಮರ್ಶಿಸಿ, ಒಪ್ಪಿಗೆಯಾದರೆ ಆಚರಣೆಗೆ ತರಬೇಕೆಂದು ಪ್ರಾರ್ಥನೆ.